ಮನೆ ಹಿಂದೆ 12 ಅಡಿಗೆ 10 ಅಡಿ ಜಾಗ ಇದೆ. ಗಾರೆ ಹಾಕಿಸಲಾ, ತರಕಾರಿ ಹಾಕಲಾ?

ಮೈಸೂರ್‌ಮನೆ

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ನಮ್ಮದು ಹಳೇ ಮನೆ, ಮಹಡಿ ಇಲ್ಲ. ರಸ್ತೆ ದಕ್ಷಿಣಕ್ಕಿದೆ, ಹಿತ್ತಲು ಉತ್ತರಕ್ಕೆ. ಬಟ್ಟೆ ಒಗೆಯುವ ಕಲ್ಲು, ಸಂಪು, ಒಣಹಾಕುವ ತಂತಿ ಎಲ್ಲ ಬಿಟ್ಟು ಹಿಂದೆ 12 ಅಡಿ ಉದ್ದ, 10 ಅಡಿ ಅಗಲ ಮಣ್ಣಿನ ಜಾಗ ಉಳಿದಿದೆ. ಅಲ್ಲಿ ಗಾರೆ ಹಾಕಿಸಿಬಿಡೋಣ, ಕೆಸರೂ ಇರುವುದಿಲ್ಲ, ಹಪ್ಪಳ ಒಣಗಿಸುವುದಕ್ಕೂ ಆಗುತ್ತದೆ ಅಂತ ಅತ್ತೆ ಹೇಳುತ್ತಿದ್ದಾರೆ. ನನಗೆ ಸೊಪ್ಪು, ತರಕಾರಿ ಹಾಕುವ ಆಸೆ. ಮನೆಯಲ್ಲಿ ಐದು ಜನ.

ಈಗಿನ ಪರಿಸ್ಥಿತಿ ಹೇಳುತ್ತೇನೆ. ಮೇಲೆ ಅರ್ಧ ಅಡಿ ಬರೀ ಜಲ್ಲಿ, ಇಟ್ಟಿಗೆ ಚೂರು, ಸಿಮೆಂಟ್ ಗಟ್ಟಿ. ಅದರ ಕೆಳಗೆ ಕೆಂಪು ಮಣ್ಣು. ಈಗ ಮೇ ತಿಂಗಳು ಅಲ್ವಾ, ಬೆಳಗ್ಗೆ ಎಂಟರಿಂದ ಮಧ್ಯಾಹ್ನ ಎರಡರವರೆಗೆ ಚೆನ್ನಾಗಿ ಬಿಸಿಲು ಬೀಳುತ್ತದೆ, ಆಮೇಲೆ ಪಕ್ಕದ ಮನೆಯ ನೆರಳು. ನಲ್ಲಿ ನೀರು ದಿನ ಬಿಟ್ಟು ದಿನ, ಬೋರ್‌ವೆಲ್ ನೀರು ಸ್ವಲ್ಪ ಗಡಸು. ಆರ್‌ಒ ಮೆಷಿನ್ನಿಂದ ಹೊರಗೆ ಹೋಗುವ ನೀರು ದಿನಾ ಎರಡು ಬಕೆಟ್ ಚರಂಡಿ ಪಾಲಾಗುತ್ತಿದೆ, ಅದನ್ನು ಗಿಡಕ್ಕೆ ಹಾಕಬಹುದಾ?

ವಿಡಿಯೋ ನೋಡಿದರೆ ಎಲ್ಲರೂ ಗ್ರೋ ಬ್ಯಾಗ್ ತಗೊಳ್ಳಿ, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ತಗೊಳ್ಳಿ, ಆ ಪುಡಿ ಈ ದ್ರಾವಣ ತಗೊಳ್ಳಿ ಅನ್ನುತ್ತಾರೆ. ಲೆಕ್ಕ ಹಾಕಿದರೆ ಮೊದಲ ಟೊಮೇಟೊ ಬರುವಷ್ಟರಲ್ಲಿ ನಾಲ್ಕೈದು ಸಾವಿರ ಆಗುತ್ತದೆ. ಬ್ಯಾಗ್ ಎರಡು ವರ್ಷಕ್ಕೆ ಹರಿದುಹೋಗುತ್ತದೆ, ಮತ್ತೆ ಕೊಳ್ಳಬೇಕು. ನನಗೆ ಹಾಗೆ ಬೇಡ. ಒಂದು ಸಲ ಸರಿ ಮಾಡಿದರೆ ಮನೆ ಕಸ, ಮನೆ ನೀರು, ಮನೆ ಬೀಜದಲ್ಲೇ ನಡೆದುಕೊಂಡು ಹೋಗಬೇಕು. ಇದು ಆಗುವ ಮಾತಾ? ಎಲ್ಲಿಂದ ಶುರು ಮಾಡಲಿ?

ಮಣ್ಣುಹುಳ

ಆಗುವ ಮಾತೇ. ಆದರೆ ಮೊದಲು ಬಿಸಿಲಿನ ವಿಷಯ, ಯಾಕೆಂದರೆ ನಿಮ್ಮ ಜಾಗಕ್ಕೆ ಅದೇ ಮುಖ್ಯ.

ಮೇ ತಿಂಗಳ ಬಿಸಿಲು ನೋಡಿ ನಿರ್ಧಾರ ಮಾಡಬೇಡಿ. ಮೈಸೂರಿನಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮೂರನೇ ವಾರದವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಸ್ವಲ್ಪ ಉತ್ತರಕ್ಕೆ ಇರುತ್ತಾನೆ. ಹಾಗಾಗಿ ಉತ್ತರದ ಹಿತ್ತಲಿಗೆ ಈಗ ಭರ್ಜರಿ ಬಿಸಿಲು. ಡಿಸೆಂಬರ್‌ನಲ್ಲಿ ಅವನು ದಕ್ಷಿಣಕ್ಕೆ ಇಳಿದಿರುತ್ತಾನೆ. ಪ್ಯಾರಾಪೆಟ್ ಸೇರಿ ನಿಮ್ಮ ಮನೆ 14 ಅಡಿ ಎತ್ತರ ಇದೆ ಅಂದುಕೊಳ್ಳಿ, ಆಗ ಮಧ್ಯಾಹ್ನ ಹನ್ನೆರಡೂವರೆಗೂ ಹಿಂದೆ ಹತ್ತು ಅಡಿ ನೆರಳು ಬಿದ್ದಿರುತ್ತದೆ. ಅಂದರೆ ನಿಮ್ಮ ಪೂರ್ತಿ ಜಾಗ! ಕಾಯಿ ಬಿಡುವ ಗಿಡಕ್ಕೆ ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೇಕು. ಸೊಪ್ಪಿಗೆ ಮೂರು ನಾಲ್ಕು ಗಂಟೆ ಸಾಕು. ಹಾಗಾಗಿ ಬೆಂಡೆ, ಹೀರೆ, ಬದನೆ, ಮೆಣಸಿನಕಾಯಿ ಎಲ್ಲ ಈಗ ಹಾಕಿ ಸೆಪ್ಟೆಂಬರ್ ಒಳಗೆ ಮುಗಿಸುವ ಹಾಗೆ ನೋಡಿ. ಚಳಿಗಾಲದಲ್ಲಿ ಆ ಜಾಗ ಸೊಪ್ಪಿಗೆ. ಟೊಮೇಟೊ ಆಸೆ ಇದ್ದರೆ ಎರಡು ಹಳೇ ಬಕೆಟ್‌ನಲ್ಲಿ ಮಾಳಿಗೆ (ತಾರಸಿ) ಮೇಲೆ ಇಡಿ, ಚಳಿಗಾಲದಲ್ಲಿ ಅಲ್ಲಿ ಬಿಸಿಲು ಇರುತ್ತದೆ.

ಇನ್ನು ಜಾಗ ಹಂಚುವುದು. ಮನೆ ಗೋಡೆಗೆ ತಾಗಿ ಎರಡೂವರೆ ಅಡಿ ಬಿಟ್ಟುಬಿಡಿ, ಪಾಯಕ್ಕೆ ನೀರು ಇಳಿಯಬಾರದು. ಅಲ್ಲಿ ಹಾಸುಗಲ್ಲು ಹಾಕಿಸಿ. ಅತ್ತೆಯವರ ಹಪ್ಪಳಕ್ಕೂ ಜಾಗ ಆಯಿತು, ಜಗಳ ಮುಗಿಯಿತು. ಉಳಿದ ಏಳೂವರೆ ಅಡಿಯಲ್ಲಿ ಮೂರು ಅಡಿ ಅಗಲದ ಎರಡು ಮಡಿ, ನಡುವೆ ಒಂದೂವರೆ ಅಡಿ ಕಾಲುದಾರಿ. ಮೂರು ಅಡಿಗಿಂತ ಅಗಲ ಮಾಡಿದರೆ ಕೈ ಎಟಕುವುದಿಲ್ಲ, ಮಡಿ ಮೇಲೆ ಕಾಲಿಡಬೇಕಾಗುತ್ತದೆ, ಮಣ್ಣು ಗಟ್ಟಿಯಾಗುತ್ತದೆ.

ಮಣ್ಣು: ಜಲ್ಲಿ ಮತ್ತು ಸಿಮೆಂಟ್ ಗಟ್ಟಿಯನ್ನು ಜರಡಿ ಹಿಡಿದು ತೆಗೆಯಲೇಬೇಕು. ಬೇಸರದ ಕೆಲಸ, ಆದರೆ ಇದೊಂದನ್ನು ಬಿಟ್ಟರೆ ಮುಂದೆ ಎಷ್ಟು ಗೊಬ್ಬರ ಸುರಿದರೂ ಎಲೆ ಹಳದಿಯಾಗುತ್ತದೆ. ಸಿಮೆಂಟಿನ ಸುಣ್ಣದ ಅಂಶ ಮಣ್ಣನ್ನು ಕ್ಷಾರ ಮಾಡುತ್ತದೆ, ಆಮೇಲೆ ಮಣ್ಣಲ್ಲಿ ಕಬ್ಬಿಣ ಇದ್ದರೂ ಗಿಡಕ್ಕೆ ಸಿಗುವುದಿಲ್ಲ. ಕರಿಬೇವಿನಲ್ಲಿ ಇದು ಬೇಗ ಗೊತ್ತಾಗುತ್ತದೆ, ಚಿಗುರೆಲೆ ಹಳದಿ, ನರ ಮಾತ್ರ ಹಸಿರು. ಒಂದು ಚಮಚ ಒಣ ಮಣ್ಣಿಗೆ ವಿನೆಗರ್ ಹನಿಸಿ ನೋಡಿ. ಬುಸ್ ಅಂತ ನೊರೆ ಬಂದರೆ ಸುಣ್ಣ ಇನ್ನೂ ಇದೆ ಅಂತ ಅರ್ಥ. ಸರಿಯಾಗಿ ಪರೀಕ್ಷೆ ಮಾಡಿಸಬೇಕು ಅನ್ನಿಸಿದರೆ ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ.

ಜರಡಿ ಹಿಡಿದ ಮಣ್ಣಿಗೆ ಮೂರನೇ ಒಂದು ಪಾಲು ಹಳೇ ಕೊಟ್ಟಿಗೆ ಗೊಬ್ಬರ ಬೆರೆಸಿ. ಹಸಿ ಸಗಣಿ ಬೇಡ. ಕೋಕೋಪೀಟ್ ನೆಲದ ಮಡಿಗೆ ಬೇಕಾಗಿಲ್ಲ, ಮಾಳಿಗೆ ಮೇಲೆ ಭಾರ ಕಡಿಮೆ ಮಾಡುವುದಕ್ಕಾದರೆ ಅದು ಸರಿ. ನಿಮಗೆ ನೆಲವೇ ಇರುವಾಗ ಬ್ಯಾಗ್ ಯಾಕೆ?

ಬಸಳೆಚಪ್ಪರ

ಉಡುಪಿ ಕಡೆಯವಳು ನಾನು. ಮಣ್ಣುಹುಳ ಅಣ್ಣ ಹೇಳಿದ್ದೆಲ್ಲ ಸರಿ, ಆದರೆ ಬೀಜ ಹಾಕುವ ಗಿಡಗಳ ಬಗ್ಗೆಯೇ ಜಾಸ್ತಿ ಹೇಳಿದರು. ಸಣ್ಣ ಹಿತ್ತಲಿಗೆ ನಿಜವಾದ ಆಸ್ತಿ ಒಂದು ಸಲ ನೆಟ್ಟರೆ ವರ್ಷಗಟ್ಟಲೆ ಕೊಡುವ ಗಿಡಗಳು. ಅವಕ್ಕೆ ಬೀಜವೂ ಬೇಡ, ಸಸಿಯೂ ಬೇಡ.

ಬಸಳೆ ತಗೊಳ್ಳಿ. ಮಾರ್ಕೆಟ್ಟಿನಿಂದ ಒಂದು ಕಟ್ಟು ತಂದು ಎಲೆ ಸಾರಿಗೆ ಹಾಕಿ, ಬಲಿತ ದಂಟನ್ನು ಒಂದು ಗೇಣು ತುಂಡು ಮಾಡಿ, ಎರಡು ಗೆಣ್ಣು ಮಣ್ಣೊಳಗೆ ಹೋಗುವ ಹಾಗೆ ಓರೆಯಾಗಿ ನೆಡಿ. ಮಳೆಗಾಲ ಅಂದರೆ ಅದಕ್ಕೆ ಹಬ್ಬ. ಬಚ್ಚಲ ಹತ್ತಿರ ತೇವ ಇರುವ ಜಾಗ ಅದಕ್ಕೆ ಇಷ್ಟ, ಸ್ವಲ್ಪ ನೆರಳಿದ್ದರೂ ಪರವಾಗಿಲ್ಲ. ಕೊನೆಯ ಕಾಂಪೌಂಡ್ ಗೋಡೆ ಇದೆಯಲ್ಲ, ಮನೆಯಿಂದ ದೂರ ಇರುವುದು, ಅಲ್ಲಿ ನಾಲ್ಕು ಕಂಬ ನಿಲ್ಲಿಸಿ ಚಪ್ಪರ ಮಾಡಿ. ಒಂದು ಬದಿ ಬಸಳೆ, ಒಂದು ಬದಿ ತೊಂಡೆ. ತೊಂಡೆಯನ್ನೂ ಬೀಜದಿಂದ ಮಾಡುವುದಲ್ಲ. ಚೆನ್ನಾಗಿ ಕಾಯಿ ಬಿಡುವ ಬಳ್ಳಿಯಿಂದ ಪೆನ್ಸಿಲ್ ದಪ್ಪದ ತುಂಡು ತರಬೇಕು. ಸಿಕ್ಕ ಸಿಕ್ಕ ಬಳ್ಳಿಯಿಂದ ತಂದರೆ ಗಂಡು ಬಳ್ಳಿ ಬಂದು ಬರೀ ಹೂ ಬಿಟ್ಟುಕೊಂಡು ಕೂತಿರುತ್ತದೆ.

ನೆರಳಿನ ಮೂಲೆಗೆ ಒಂದೆಲಗ, ದೊಡ್ಡಪತ್ರೆ, ಕೆಸು. ಬೇಲಿ ಬದಿಗೆ ಚಕ್ರಮುನಿ, ನಿಮ್ಮ ಕಡೆ ವಿಟಮಿನ್ ಸೊಪ್ಪು ಅನ್ನುತ್ತಾರೆ. ಅದನ್ನು ಬೇಯಿಸಿಯೇ ತಿನ್ನಿ, ದಿನಾ ಜ್ಯೂಸ್ ಮಾಡಿ ಕುಡಿಯುವ ಸಾಹಸ ಬೇಡ. 1990ರ ದಶಕದಲ್ಲಿ ತೈವಾನಿನಲ್ಲಿ ತೂಕ ಇಳಿಸಲಿಕ್ಕೆ ಅಂತ ಇದರ ಹಸಿ ರಸ ಕುಡಿದು ಎಷ್ಟೋ ಜನರ ಶ್ವಾಸಕೋಶ ಹಾಳಾಗಿತ್ತು. ವಾರಕ್ಕೊಮ್ಮೆ ಪಲ್ಯ, ತಂಬುಳಿ ಮಾಡಿದರೆ ಏನೂ ಆಗುವುದಿಲ್ಲ, ತಂಬುಳಿಗೂ ಸೊಪ್ಪು ಬಾಡಿಸಿಕೊಳ್ಳಿ.

ನಮ್ಮಲ್ಲಿ ಪತ್ತನಾಜೆ, ಅಂದರೆ ಮೇ 24ರ ಆಸುಪಾಸು ಕಳೆದ ಮೇಲೆ ಮಳೆಗಾಲದ ತರಕಾರಿ ಬೀಜ ಹಾಕುತ್ತೇವೆ, ಚೌತಿ ಹೊತ್ತಿಗೆ ಬೆಂಡೆ, ಹೀರೆ, ಮುಳ್ಳುಸೌತೆ ಸಿಗುತ್ತದೆ. ನಿಮಗೆ ಅಷ್ಟು ಮಳೆ ಇಲ್ಲ, ಆದರೆ ಸಮಯ ಸರಿಯಾಗಿಯೇ ಇದೆ. ಬುಡಕ್ಕೆ ಒಲೆ ಬೂದಿ ಹಾಕುತ್ತಾ ಬನ್ನಿ, ತುಂಬಾ ಒಳ್ಳೆಯದು.

ಮಣ್ಣುಹುಳ

ಅಕ್ಕ, ಬೂದಿ ಮಾತ್ರ ಈಗಲೇ ಬೇಡ. ನಿಮ್ಮ ಕರಾವಳಿ ಮಣ್ಣು ಹುಳಿ, ಮಳೆಗೆ ಸುಣ್ಣವೆಲ್ಲ ತೊಳೆದು ಹೋಗಿರುತ್ತದೆ, ಅಲ್ಲಿ ಬೂದಿ, ಸುಡುಮಣ್ಣು ಎರಡೂ ಕೆಲಸ ಮಾಡುತ್ತವೆ. ಇವರ ಜಾಗದಲ್ಲಿ ಸಿಮೆಂಟ್ ಸುಣ್ಣ ಆಗಲೇ ಇದೆ, ಅದರ ಮೇಲೆ ಬೂದಿ ಹಾಕಿದರೆ ಕ್ಷಾರ ಇನ್ನೂ ಏರುತ್ತದೆ. ವಿನೆಗರ್ ಹಾಕಿದಾಗ ನೊರೆ ಬರಲಿಲ್ಲ ಅಂದರೆ ಆಮೇಲೆ ಅಪರೂಪಕ್ಕೆ ಒಂದು ಹಿಡಿ ಹಾಕಲಿ.

ಬರೀಲೆಕ್ಕ

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ತಳ್ಳುಗಾಡಿಯವನು ಮನೆ ಬಾಗಿಲಿಗೆ ಸೊಪ್ಪು ತರುತ್ತಾನೆ. ಗೊಬ್ಬರ, ನೀರು, ನಿಮ್ಮ ಸಮಯ ಸೇರಿಸಿದರೆ ಒಂದು ಕಟ್ಟು ದಂಟು ಎಷ್ಟಕ್ಕೆ ಬಿತ್ತು? 120 ಚದರ ಅಡಿಯಲ್ಲಿ ಐದು ಜನರ ಹೊಟ್ಟೆ ತುಂಬುವುದಿಲ್ಲ. ಸುಮ್ನೆ ಹವ್ಯಾಸ ಅನ್ನಿ, ಒಪ್ಪುತ್ತೇನೆ.

ಮಣ್ಣುಹುಳ

ಹೊಟ್ಟೆ ತುಂಬುತ್ತದೆ ಅಂತ ಯಾರು ಹೇಳಿದರು? ಈರುಳ್ಳಿ, ಆಲೂಗಡ್ಡೆ, ಕೋಸು ಇಲ್ಲಿ ಬೆಳೆಯಲು ಹೊರಟರೆ ನಿಮ್ಮ ಲೆಕ್ಕ ಸರಿ, ಅದು ದಂಡ. ಒಂದು ಕೋಸು ಎರಡು ಮೂರು ತಿಂಗಳು ಎರಡು ಅಡಿ ಜಾಗ ಹಿಡಿದುಕೊಂಡು ಕೂತು ಒಂದು ದಿನದ ಪಲ್ಯ ಆಗುತ್ತದೆ. ಆದರೆ ದಿನಾ ಸ್ವಲ್ಪ ಸ್ವಲ್ಪ ಬೇಕಾಗುವುದು, ತಂದರೆ ಫ್ರಿಜ್ಜಿನಲ್ಲಿ ಕೊಳೆಯುವುದು, ಅದರ ಲೆಕ್ಕ ಬೇರೆ. ಒಗ್ಗರಣೆಗೆ ಎರಡು ಎಸಳು ಕರಿಬೇವು, ನಾಲ್ಕು ಹಸಿಮೆಣಸಿನಕಾಯಿ, ಸಾರಿಗೆ ಒಂದು ಹಿಡಿ ಕೊತ್ತಂಬರಿ, ತಂಬುಳಿಗೆ ಎಂಟು ಎಲೆ ದೊಡ್ಡಪತ್ರೆ. ಅದನ್ನು ಬೇಕಾದಾಗ ಬೇಕಾದಷ್ಟೇ ಕಿತ್ತುಕೊಳ್ಳಬಹುದು. ಮೇಡಂ, ಗಿಡ ಆರಿಸುವಾಗ ಇದೊಂದನ್ನೇ ಕೇಳಿಕೊಳ್ಳಿ, ಅಡುಗೆಮನೆಗೆ ಇದು ವಾರಕ್ಕೆ ಎಷ್ಟು ಸಲ ಬೇಕು ಅಂತ.

ದಂಟು, ಮೆಂತ್ಯಕ್ಕೂ ಒಂದು ಮಾತು. ಪೂರ್ತಿ ಮಡಿಗೆ ಒಂದೇ ದಿನ ಬೀಜ ಚೆಲ್ಲಬೇಡಿ, ಒಂದೇ ವಾರ ಎಲ್ಲ ಬಂದು ಬೀದಿಯವರಿಗೆಲ್ಲ ಹಂಚಬೇಕಾಗುತ್ತದೆ. ಮಡಿಯನ್ನು ನಾಲ್ಕು ತುಂಡು ಮಾಡಿ, ಹತ್ತು ದಿನಕ್ಕೊಂದು ತುಂಡಿಗೆ ಹಾಕಿ. ದಂಟಿನ ಬೀಜ ತುಂಬಾ ಸಣ್ಣದು, ಒಂದು ಚಿಟಿಕೆಗೆ ಒಂದು ಹಿಡಿ ಒಣ ಮರಳು ಬೆರೆಸಿ ಉದುರಿಸಿ, ಕೈಯಲ್ಲಿ ಹಾಗೇ ಸವರಿ, ಮೇಲೆ ಮಣ್ಣು ಹೊದಿಸುವುದು ಬೇಡ. ಬೇರು ಸಮೇತ ಕೀಳುವ ಬದಲು ನಾಲ್ಕು ಬೆರಳು ಬಿಟ್ಟು ಕತ್ತರಿಸಿದರೆ ಮತ್ತೆ ಚಿಗುರುತ್ತದೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಸುಗುಣ ಅನ್ನುವ ದಂಟು ಹೀಗೆ ಹಲವು ಸಲ ಕೊಯ್ಯುವುದಕ್ಕೇ ಇರುವ ತಳಿ.

ಡ್ರಮ್‌ನೀರು

ಬೆಂಗಳೂರಿಂದ. ನೀರಿನ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ.

ಆರ್‌ಒ ಹೊರಗೆ ಬಿಡುವ ನೀರಿನಲ್ಲಿ ಒಳಗೆ ಹೋದ ಉಪ್ಪೆಲ್ಲ ಸೇರಿಕೊಂಡು ಗಟ್ಟಿಯಾಗಿರುತ್ತದೆ. ನಿಮ್ಮದು ಮೊದಲೇ ಗಡಸು ಬೋರ್‌ವೆಲ್. ಅದನ್ನು ದಿನಾ ಮಡಿಗೆ ಹಾಕಿದರೆ ಮೊದಲು ಎಲೆಯ ಅಂಚು ಸುಟ್ಟ ಹಾಗೆ ಆಗುತ್ತದೆ, ಆಮೇಲೆ ಮಣ್ಣಿನ ಮೇಲೆ ಬಿಳಿ ಪೊರೆ ಕಾಣಿಸುತ್ತದೆ. ನೆಲ ಒರೆಸಿ, ಬಾತ್‌ರೂಮ್ ತೊಳೆಯಿರಿ, ಗಿಡಕ್ಕೆ ಬೇಡ. ಆರ್‌ಒಗೆ ಹೋಗುತ್ತಿರುವುದು ನಲ್ಲಿ ನೀರೇ ಆಗಿದ್ದರೆ ಅಷ್ಟು ಉಪ್ಪು ಇರುವುದಿಲ್ಲ, ಆಗ ಮಳೆಗಾಲದಲ್ಲಿ ಅಪರೂಪಕ್ಕೆ ಬಾಳೆಗೆ ಹಾಕಬಹುದು.

ಅಡುಗೆಮನೆಯಲ್ಲಿ ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ನೇರ ಮಡಿಗೆ ಹಾಕಿ, ಇದಕ್ಕಿಂತ ಸುಲಭ ಇನ್ನೊಂದಿಲ್ಲ. ಪಾತ್ರೆ ತೊಳೆದದ್ದು, ಬಟ್ಟೆ ಒಗೆದದ್ದು ಸೊಪ್ಪಿನ ಮಡಿಗೆ ಬೇಡ. ಒಗೆಯುವ ಕಲ್ಲಿನ ಪಕ್ಕ ಒಂದು ಬಾಳೆ ನೆಟ್ಟು, ಬುಡದ ಸುತ್ತ ಗುಂಡಿ ಮಾಡಿ ತೆಂಗಿನ ಸಿಪ್ಪೆ, ಒಣ ಎಲೆ ತುಂಬಿ, ಎರಡನೇ ಸಲ ಜಾಲಾಡಿಸಿದ ನೀರು ಅಲ್ಲಿಗೆ ಬಿಡಿ. ಹಳೇ ಮನೆಗಳಲ್ಲಿ ಬಚ್ಚಲ ಮೋರಿ ಕೊನೆಯಲ್ಲಿ ಬಾಳೆ, ಕೆಸು ಇರುತ್ತಿದ್ದದ್ದು ಇದಕ್ಕೇ. ಆದರೆ ಅಲ್ಲಿನ ಕೆಸುವನ್ನು ತಿನ್ನುವುದಕ್ಕೆ ಕೀಳಬೇಡಿ, ತಿನ್ನುವ ಕೆಸು ಬೇರೆ ಕಡೆ ಇರಲಿ.

ಈಗ ಎಷ್ಟು ನೀರು ಬೇಕು ಅಂತ ಲೆಕ್ಕ. ಎರಡು ಮಡಿ ಸೇರಿ 72 ಚದರ ಅಡಿ. ಕಡು ಬೇಸಿಗೆಯಲ್ಲೂ ದಿನಕ್ಕೆ 30 ಲೀಟರ್ ಸುಮಾರಿಗೆ ಸಾಕು, ಅಂದರೆ ಎರಡು ಬಕೆಟ್. ಮಡಿ ಮೇಲೆ ಎರಡು ಇಂಚು ಒಣ ಎಲೆ ಹೊದಿಸಿದರೆ ಇನ್ನೂ ಕಡಿಮೆ. ಮಾಳಿಗೆ ನೀರು ಹಿಡಿಯುವುದಾದರೆ, 1000 ಚದರ ಅಡಿ ಮಾಳಿಗೆಗೆ 10 ಮಿಲಿಮೀಟರ್ ಮಳೆ ಬಿದ್ದರೆ 900 ಲೀಟರ್ ಬರುತ್ತದೆ. ಒಂದೇ ಒಂದು ಪೈಪಿನ ಕೆಳಗೆ 200 ಲೀಟರ್ ಡ್ರಮ್ ಇಟ್ಟರೂ ಒಂದು ಒಳ್ಳೆ ಮಳೆಗೆ ತುಂಬಿ ಚೆಲ್ಲುತ್ತದೆ, ಅಷ್ಟಕ್ಕೇ ವಾರ ಕಳೆಯಬಹುದು. ಡ್ರಮ್ ಬಾಯಿಗೆ ಸೊಳ್ಳೆ ಪರದೆ ಕಟ್ಟುವುದು ಮರೆಯಬೇಡಿ, ಡೆಂಗಿ ಸೊಳ್ಳೆ ಮರಿ ಮಾಡುವುದು ಇಂಥ ತಿಳಿ ನೀರಿನಲ್ಲೇ.

ಮೈಸೂರ್‌ಮನೆ

ಅಬ್ಬಾ, ಎಷ್ಟೊಂದು ವಿಷಯ! ಎಲ್ಲರಿಗೂ ಥ್ಯಾಂಕ್ಸ್. ವಿನೆಗರ್ ಹಾಕಿದೆ, ಮೇಲಿನ ಮಣ್ಣು ನೊರೆ ಬಂತು, ಕೆಳಗಿನ ಕೆಂಪು ಮಣ್ಣು ಸುಮ್ಮನಿತ್ತು. ಹಾಗಾಗಿ ಮೇಲಿನ ಅರ್ಧ ಅಡಿ ತೆಗೆಸಿ ಹೊರಗೆ ಹಾಕಿಸುತ್ತೇನೆ. ಹಾಸುಗಲ್ಲಿಗೆ ಅತ್ತೆ ಒಪ್ಪಿದ್ದಾರೆ!

ಇನ್ನೆರಡು ಪ್ರಶ್ನೆ. ಬೀಜ ಹೈಬ್ರಿಡ್ ತಗೊಳ್ಳಲಾ, ನಾಟಿನಾ? ಸಗಣಿ, ಗಂಜಲ ಕೊಳೆಸಿದ ಜೀವಾಮೃತ ಮಾಡಬೇಕಾ, ಇಷ್ಟು ಸಣ್ಣ ಜಾಗಕ್ಕೆ? ಮತ್ತೆ ಮಳೆ ಬಂದರೆ ಸಾಕು, ಕಾಂಪೌಂಡ್ ಮೇಲೆ ದೊಡ್ಡ ದೊಡ್ಡ ಬಸವನಹುಳು ಬರುತ್ತವೆ. ನೋಡಿದರೇ ಮೈ ಜುಮ್ಮೆನ್ನುತ್ತದೆ.

ಜವಾರಿಬೀಜ

ಧಾರವಾಡದಿಂದ ನಮಸ್ಕಾರ ರೀ. ಬೀಜ ಮನೆಯಲ್ಲೇ ಉಳಿಸಬೇಕು ಅಂತ ನೀವೇ ಮೊದಲು ಬರೆದಿದ್ದೀರಿ, ಹಾಗಾದರೆ ಜವಾರಿಯೇ ತಗೊಳ್ಳಿ, ನೀವು ನಾಟಿ ಅನ್ನುವುದು ಅದನ್ನೇ. ಹೈಬ್ರಿಡ್ ಕೆಟ್ಟದ್ದು ಅಂತಲ್ಲ. ಹೆಸರಘಟ್ಟ ಸಂಸ್ಥೆಯ ಅರ್ಕಾ ರಕ್ಷಕ್ ಟೊಮೇಟೊ ಹೈಬ್ರಿಡ್ಡೇ, ಎಲೆ ಮುದುರು ರೋಗ, ಸೊರಗು ರೋಗ, ಎಲೆ ಚುಕ್ಕೆ ರೋಗ ಮೂರನ್ನೂ ತಡೆದುಕೊಳ್ಳುತ್ತದೆ. ಆದರೆ ಅದರ ಬೀಜ ತೆಗೆದು ಹಾಕಿದರೆ ಮುಂದಿನ ಸಲ ಒಂದೊಂದು ಗಿಡ ಒಂದೊಂದು ಥರ ಬರುತ್ತದೆ. ಅದೇ ಸಂಸ್ಥೆಯ ಅರ್ಕಾ ಅನಾಮಿಕ ಬೆಂಡೆ ಹಾಗಲ್ಲ, ಹೈಬ್ರಿಡ್ ಅಲ್ಲದ ತಳಿ, ಬೀಜ ಉಳಿಸಬಹುದು. ಹಳದಿ ನರ ರೋಗ ತಡೆಯಲೆಂದೇ ತಂದ ತಳಿ ಅದು.

ಉಳಿಸುವುದರಲ್ಲೂ ಸುಲಭ, ಕಷ್ಟ ಅಂತ ಇದೆ. ಟೊಮೇಟೊ, ಅಲಸಂದೆ, ಅವರೆ, ಮೆಂತ್ಯ ಹೆಚ್ಚಾಗಿ ತಮ್ಮ ಪಾಡಿಗೆ ತಾವೇ ಪರಾಗ ಮಾಡಿಕೊಳ್ಳುತ್ತವೆ, ಇವುಗಳಿಂದ ಶುರು ಮಾಡಿ. ಖಾರದ ಮೆಣಸಿನಕಾಯಿ ಪಕ್ಕ ಡೊಣ್ಣೆ ಮೆಣಸು ಇದ್ದರೆ ಜೇನುನೊಣ ಎರಡನ್ನೂ ಬೆರೆಸುತ್ತದೆ, ಬೀಜಕ್ಕೆ ಬಿಡುವ ಗಿಡ ಬೇರೆ ಇಡಬೇಕು. ಹೀರೆ, ಸೋರೆ ಒಂದೊಂದೇ ತಳಿ ಇದ್ದರೆ ತೊಂದರೆ ಇಲ್ಲ, ಪಕ್ಕದ ಮನೆಯಲ್ಲಿ ಬೇರೆ ತಳಿ ಇದ್ದರೆ ಕಲಬೆರಕೆ ಆಗಬಹುದು. ಬೀಜಕ್ಕೆ ಬಿಡುವುದು ಮೊದಲು ಬಂದ, ಎಲ್ಲಕ್ಕಿಂತ ಚೆನ್ನಾಗಿರುವ ಕಾಯಿ. ನಮ್ಮ ಜನ ಅದನ್ನೇ ಮೊದಲು ಕೊಯ್ದು ತಿಂದು, ಕೊನೆಗೆ ಉಳಿದ ಸೊಟ್ಟ ಕಾಯಿಯ ಬೀಜ ಇಡುತ್ತಾರೆ.

ಅವರೆ ಹಾಕುವುದಾದರೆ ಊರ ಅವರೆ ಜುಲೈ, ಆಗಸ್ಟ್‌ನಲ್ಲಿ ಹಾಕಿ. ಹಗಲು ಚಿಕ್ಕದಾಗುವವರೆಗೆ ಅದು ಹೂ ಬಿಡುವುದಿಲ್ಲ, ಬರೀ ಬಳ್ಳಿ ಬೆಳೆಸುತ್ತದೆ. ಬಳ್ಳಿಯನ್ನು ಮಾಳಿಗೆಗೆ ಹತ್ತಿಸಿ, ಚಳಿಗಾಲಕ್ಕೆ ಮೇಲೆ ಬಿಸಿಲು ಸಿಗುತ್ತದೆ. ಮೈಸೂರಿನಲ್ಲೇ ಸಾವಯವ ರೈತರ ಸಂಘಟನೆ ಸಹಜ ಸಮೃದ್ಧದವರು ಗೆಡ್ಡೆ ಗೆಣಸು ಮೇಳ ಮಾಡಿದ್ದಾರಲ್ಲ, ನಂಜರಾಜ ಬಹದ್ದೂರ್ ಛತ್ರದಲ್ಲಿ. ಮತ್ತೆ ನಡೆದಾಗ ಹೋಗಿ, ಇಂಥ ಮೇಳದಲ್ಲಿ ನಾಟಿ ಬೀಜ ಇಟ್ಟುಕೊಂಡವರು ಸಿಗುತ್ತಾರೆ.

ಜೀವಾಮೃತ ಬೇಕೇ ಬೇಕು ಅಂತ ಇಲ್ಲ. ಮಾಡುವುದಾದರೆ 10 ಲೀಟರ್ ನೀರಿಗೆ ಅರ್ಧ ಕೆಜಿ ಸಗಣಿ, ಅರ್ಧ ಲೀಟರ್ ಗಂಜಲ, 100 ಗ್ರಾಂ ಬೆಲ್ಲ, 100 ಗ್ರಾಂ ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಒಳ್ಳೆ ಮಣ್ಣು. ನೆರಳಿನಲ್ಲಿಟ್ಟು ದಿನಾ ಎರಡು ಸಲ ಕಲಕಿ, ಎರಡು ಮೂರು ದಿನಕ್ಕೆ ರೆಡಿ. ಬುಡಕ್ಕೆ ಮಾತ್ರ ಹಾಕಿ, ಹಸಿಯಾಗಿ ತಿನ್ನುವ ಸೊಪ್ಪಿನ ಎಲೆಗೆ ಚಿಮುಕಿಸಬೇಡಿ. ನಗರದಲ್ಲಿ ಸಗಣಿ, ಗಂಜಲ ಹುಡುಕಿಕೊಂಡು ಓಡಾಡುವ ಬದಲು ಅಡುಗೆಮನೆ ಕಸದ ಗೊಬ್ಬರವೇ ವಾಸಿ ಅಂತ ನನ್ನ ಲೆಕ್ಕ. ತಳಕ್ಕೆ ತೂತು ಮಾಡಿದ ಎರಡು ಡಬ್ಬ ಇಡಿ. ಒಂದು ಬೋಗುಣಿ ಹಸಿ ಕಸಕ್ಕೆ ಎರಡು ಬೋಗುಣಿ ಒಣ ಎಲೆ. ವಾಸನೆ ಬಂದರೆ ನೀರು ಜಾಸ್ತಿಯಾಗಿದೆ ಅಂತ, ಒಣ ಎಲೆ ಸೇರಿಸಿ ಕೆದಕಿ. ಕಂದು ಬಣ್ಣದ ದಪ್ಪ ಹುಳು ಓಡಾಡಿದರೆ ಹೆದರಬೇಡಿ, ಅವು ಕಸ ತಿಂದು ಮುಗಿಸುವವು. ಒಂದು ಡಬ್ಬ ತುಂಬಿ ಮಾಗುವಷ್ಟರಲ್ಲಿ ಇನ್ನೊಂದು ತುಂಬುತ್ತದೆ.

ಬಸಳೆಚಪ್ಪರ

ಬಸವನಹುಳುವಿಗೆ ನಾನು ಹೇಳುತ್ತೇನೆ, ನಮ್ಮಲ್ಲೂ ಅದೇ ಕಾಟ. ಅಂಗೈಯಗಲ ಇದ್ದರೆ ಅದು ಆಫ್ರಿಕನ್ ಬಸವನಹುಳು. ಬರಿಗೈಯಲ್ಲಿ ಮುಟ್ಟಬೇಡಿ, ಮನುಷ್ಯರಿಗೆ ರೋಗ ತರುವ ಪರಾವಲಂಬಿ ಹುಳು ಅದರಲ್ಲಿ ಇರಬಹುದು. ಸೊಪ್ಪನ್ನೂ ಚೆನ್ನಾಗಿ ತೊಳೆಯಿರಿ.

ಸಂಜೆ ಒಂದು ಗೋಣಿಚೀಲ ನೆನೆಸಿ ಮಡಿ ಪಕ್ಕ ಹಾಸಿ, ಅದರ ಕೆಳಗೆ ಪಪ್ಪಾಯಿ ಎಲೆ ಅಥವಾ ಕೋಸಿನ ಹೊರಗಿನ ಎಲೆ ಇಡಿ. ಬೆಳಗ್ಗೆ ಬೇಗ ಎದ್ದು ಚೀಲ ಮಗುಚಿದರೆ ಎಲ್ಲ ಅಲ್ಲೇ ಅಂಟಿಕೊಂಡಿರುತ್ತವೆ. ಕೈಗವಸು ಹಾಕಿ ಆರಿಸಿ ಗಟ್ಟಿ ಉಪ್ಪುನೀರಿನ ಬಕೆಟ್ಟಿಗೆ ಹಾಕಿ. ಮಡಿ ಮೇಲೇ ಉಪ್ಪು ಚೆಲ್ಲುವವರಿದ್ದಾರೆ, ಹುಳದ ಜೊತೆ ಮಣ್ಣೂ ಸಾಯುತ್ತದೆ. ಹಳದಿ ಬಿಳಿ ಬಣ್ಣದ, ಸಾಬಕ್ಕಿಗಿಂತ ಸ್ವಲ್ಪ ದೊಡ್ಡ ಮೊಟ್ಟೆ ಮಣ್ಣಲ್ಲಿ ಗುಂಪಾಗಿ ಸಿಕ್ಕಿದರೆ ಅದನ್ನೂ ತೆಗೆಯಿರಿ, ಒಂದೊಂದು ಗುಂಪಿನಲ್ಲಿ ನೂರಕ್ಕೂ ಮೇಲೆ ಇರುತ್ತವೆ. ಅಕ್ಕಪಕ್ಕದ ಮನೆಯವರೂ ಒಟ್ಟಿಗೆ ಮಾಡಿದರೆ ಮಾತ್ರ ಕಡಿಮೆಯಾಗುತ್ತದೆ, ಇಲ್ಲದಿದ್ದರೆ ಕಾಂಪೌಂಡ್ ಹತ್ತಿ ಮತ್ತೆ ಬರುತ್ತವೆ.

ಮೈಸೂರ್‌ಮನೆ

ಪಕ್ಕದ ಮನೆಯವರನ್ನು ಕೇಳಿ ನೋಡುತ್ತೇನೆ. ಕೊನೆಯ ಪ್ರಶ್ನೆ, ನುಗ್ಗೆ ಗಿಡ ಇಷ್ಟು ಜಾಗದಲ್ಲಿ ಆಗುತ್ತದಾ? ಅತ್ತೆ ಮನೆ ಹತ್ತಿರ ನುಗ್ಗೆ ಬೇಡ ಅನ್ನುತ್ತಾರೆ.

ಮಣ್ಣುಹುಳ

ಅತ್ತೆಯವರು ಹೇಳುವುದರಲ್ಲಿ ಅರ್ಥ ಇದೆ. ನುಗ್ಗೆ ಕೊಂಬೆ ಮೆದು, ಗಾಳಿಗೆ ಬೇಗ ಮುರಿಯುತ್ತದೆ, ಮಳೆಗಾಲದಲ್ಲಿ ಕಂಬಳಿಹುಳು ಗೋಡೆಯೆಲ್ಲ ತುಂಬುತ್ತದೆ. ಕಾಯಿಗೆ ಅಂತ ದೊಡ್ಡ ಮರ ಬೆಳೆಸಬೇಡಿ, ನಿಮ್ಮ ಮಡಿಗೆ ನೆರಳೂ ಆಗುತ್ತದೆ. ಸೊಪ್ಪಿಗೆ ಮಾತ್ರ ಬೇಕು ಅಂದರೆ ಚಪ್ಪರದ ಒಂದು ಮೂಲೆಯಲ್ಲಿ ಬೀಜ ಹಾಕಿ, ಮೂರು ಅಡಿ ಬಂದ ತಕ್ಷಣ ತುದಿ ಚಿವುಟಿ. ಆಮೇಲೆ ಸೊಂಟದೆತ್ತರ ದಾಟಲು ಬಿಡದೆ ಕತ್ತರಿಸುತ್ತಾ ಇರಿ, ಪೊದೆ ಥರ ಆಗುತ್ತದೆ. ಆ ಎತ್ತರದಲ್ಲಿ ಕಂಬಳಿಹುಳು ಬಂದರೂ ಕಣ್ಣಿಗೆ ಬೀಳುತ್ತದೆ, ಅದು ಕೂತ ಕಡ್ಡಿಯನ್ನು ಹಾಗೇ ಕತ್ತರಿಸಿ ಸೋಪಿನ ನೀರಿಗೆ ಅದ್ದಿದರೆ ಆಯಿತು.